ಮಾವನ ತಾಮ್ರದ ಪೈಪು

ಹೊಸದುರ್ಗದಿಂದ ಹೊಳಲ್ಕೆರೆಗೆ ನನ್ನ ಸೋದರಮಾವನ ಜೊತೆ ಒಂದೇ ಬಸ್ಸಿನಲ್ಲಿ ಬಂದಿದ್ದೀರಾ? ಹಾಗಾದರೆ ಬಿಡಿ, ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ನೀವು ಅರ್ಧ ಪಾಸಾದಂತೆಯೇ! ಉಳಿದರ್ಧಕ್ಕೆ ಅದೇ ಬಸ್ಸಿನಲ್ಲಿ ವಾಪಸ್ಸು ಹೋಗಬೇಕು, ಅಷ್ಟೆ.

ಮಾವ ಚಿಕ್ಕಜಾಜೂರಿನ ಹತ್ತಿರದ ಹೈಸ್ಕೂಲಿನಲ್ಲಿ ಭೌತಶಾಸ್ತ್ರ, ಗಣಿತದ ಮೇಷ್ಟ್ರು. ಹೆಂಡತಿ ಮಕ್ಕಳಿಲ್ಲ, ಇರುವುದೊಂದು ಬಟ್ಟೆ ಚೀಲ. ಅದರೊಳಗೆ ಬಲೂನು, ಕನ್ನಡಿ ಚೂರು, ಸೈಕಲ್ ಡೈನಮೋ, ಮೊಳದುದ್ದದ ತಾಮ್ರದ ಪೈಪು ಮತ್ತು ಅದರೊಳಗೆ ಹಿಡಿಸುವಂಥ ಪುಟ್ಟ ಅಯಸ್ಕಾಂತ. ಭಾನುವಾರ ಬಂತೆಂದರೆ ಚೀಲ ಹೆಗಲಿಗೇರಿಸಿ ಕಂಡ ಕಂಡ ವಿಜ್ಞಾನದ ಮೇಷ್ಟ್ರ ಮನೆಬಾಗಿಲಲ್ಲಿ ಹಾಜರು! "ಒಂದು ಹೊಸ ಪ್ರಯೋಗ ಐತೆ, ನೋಡ್ರಿ, ನಿಮ್ಮ ಮಕ್ಕಳಿಗೂ ತೋರಿಸ್ರಿ." ಅವರು ಪಾಪ ಒಳ್ಳೆಯವರು, ಟೀ ಕೊಡುತ್ತಾರೆ. ಟಿ.ವಿ. ಸೌಂಡು ಮಾತ್ರ ಕಡಿಮೆ ಮಾಡುವುದಿಲ್ಲ.

ಒಮ್ಮೆ ಬಸ್ಸಿಗೆ ದಿಢೀರ್ ಬ್ರೇಕ್ ಬಿತ್ತು. ಕುರಿ ಸಂತೆ ಮುಗಿಸಿ ಬರುತ್ತಿದ್ದ ಅಜ್ಜಿಯೊಬ್ಬಳು ಮುಂದಿನ ಸೀಟಿಗೆ ಹಣೆ ಚಚ್ಚಿಕೊಂಡು ಡ್ರೈವರನ ವಂಶವನ್ನೇ ಬಯ್ಯತೊಡಗಿದಳು. ಮಾವ ಎದ್ದು ನಿಂತ.

"ಡ್ರೈವರ್‌ದೇನೂ ತಪ್ಪಿಲ್ಲ ಕಣಮ್ಮ, ಇದೆಲ್ಲ ಜಡತ್ವದ್ದು!"

"ಯಾವನವ್ನು? ಅವನ್ನ ಮೊದ್ಲು ಇಳಿಸು ಕಂಡಕ್ಟ್ರೇ!"

ಕಂಡಕ್ಟರ್ ಬಂದವನು ಜಡತ್ವನನ್ನು ಹುಡುಕಲಿಲ್ಲ, ಚೀಲದಿಂದ ಇಣುಕುತ್ತಿದ್ದ ಪೈಪು ನೋಡಿದ. ನಮ್ಮ ಕಡೆ ಬೋರ್‌ವೆಲ್ ಮೋಟರಿನ ತಾಮ್ರಕ್ಕೆ ಕೈ ಹಾಕುವವರು ಇದ್ದೇ ಇದ್ದಾರಲ್ಲ! "ಎಲ್ಲಿ ಕಿತ್ಕಂಡ್ ಬಂದ್ರಿ ಯಜಮಾನ್ರೆ?" ಎಂದ. ಮಾವ ಪೈಪನ್ನು ನೆಟ್ಟಗೆ ಹಿಡಿದು ಮೇಲಿನಿಂದ ಒಂದು ಪುಟ್ಟ ಗುಂಡುಕಲ್ಲು ಬಿಟ್ಟ. ಟಣ್ಣನೆ ಬಿತ್ತು. ಆಮೇಲೆ ಅಯಸ್ಕಾಂತ ಬಿಟ್ಟ. ಅದು ಬೀಳಲೇ ಇಲ್ಲ! ತಾಮ್ರಕ್ಕೆ ಅಂಟಿಕೊಳ್ಳುವುದೂ ಇಲ್ಲ, ದಬಕ್ಕನೆ ಬೀಳುವುದೂ ಇಲ್ಲ; ಹೊಸ ಮದುಮಗಳು ಮೆಟ್ಟಿಲಿಳಿದಂತೆ ನಿಧಾನವಾಗಿ ಇಳಿದು ಕಂಡಕ್ಟರನ ಅಂಗೈಗೆ ಬಂತು. ಕಂಡಕ್ಟರ್ ವಿಷಲ್ ಹೊಡೆಯುವುದನ್ನೇ ಮರೆತ.

"ಇನ್ನೊಂದ್ಸಲ ಬಿಡ್ರಿ ಸಾ."

ಆ ಮಾತನ್ನು ಮಾವ ಹಬ್ಬದೂಟದಂತೆ ವರ್ಷಗಟ್ಟಲೆ ನೆನೆಸಿಕೊಂಡಿದ್ದಾನೆ. ಯಾಕೆಂದರೆ, ಮೇಷ್ಟ್ರೆನಿಸಿಕೊಂಡ ಯಾರೂ ಅವನಿಗೆ "ಇನ್ನೊಂದ್ಸಲ" ಅಂದಿರಲಿಲ್ಲ.

ತಪ್ಪು ಅವರದೂ ಅಲ್ಲ ಬಿಡಿ. ಒಂದು ಹೈಸ್ಕೂಲಿಗೆ ಈ ವಿಷಯಕ್ಕೆ ಒಬ್ಬರೇ ಮೇಷ್ಟ್ರು. ಸ್ಟಾಫ್‌ರೂಮಿನಲ್ಲಿ ಡಿ.ಎ. ಬಗ್ಗೆ, ಕೊಬ್ಬರಿ ರೇಟಿನ ಬಗ್ಗೆ ಮಾತಾಡಲು ಜನ ಸಿಗುತ್ತಾರೆ. ಮಸೂರದ ಬಗ್ಗೆ ಯಾರ ಹತ್ತಿರ ಮಾತಾಡುವುದು? ಗೋಡೆಯ ಹತ್ತಿರವೇ?

ಅದಕ್ಕೇ ಮಾವ ಜಿಲ್ಲೆಯ ವಿಜ್ಞಾನದ ಮೇಷ್ಟ್ರುಗಳದೊಂದು ವಾಟ್ಸಾಪ್ ಗುಂಪು ಕಟ್ಟಿದ. ಒಂದು ಬೆಳಿಗ್ಗೆ ತಟ್ಟೆಯ ನೀರಿನ ನಡುವೆ ಹಚ್ಚಿಟ್ಟ ದೀಪದ ಫೋಟೋ ಹಾಕಿ, "ಮೇಲೆ ಲೋಟ ಮುಚ್ಚಿದರೆ ಏನಾಗುತ್ತದೆ? ಯಾಕೆ?" ಎಂದು ಕೇಳಿದ. ಪ್ರಶ್ನೆ ಯಾರು ಓದುತ್ತಾರೆ? ದೀಪ ಕಂಡಿತು, ಅಷ್ಟೇ ಸಾಕು! ಮಧ್ಯಾಹ್ನದೊಳಗೆ ಇಪ್ಪತ್ತು ಜನ "ಓಂ ಶಾಂತಿ" ಎಂದರು. ಹಿರಿಯೂರಿನವರೊಬ್ಬರು "ತುಂಬಲಾರದ ನಷ್ಟ" ಎಂದೂ ಸೇರಿಸಿದರು. ಮಾವ ಒಬ್ಬೊಬ್ಬರಿಗೂ ಬರೆದ: "ನಾನು ಬದುಕಿದ್ದೇನೆ. ದಯವಿಟ್ಟು ಉತ್ತರ ಬರೆಯಿರಿ." ಸತ್ತಾಗ ಮಾತಾಡಿದವರು ಬದುಕಿದಮೇಲೆ ಸುಮ್ಮನಾದರು.

ಇನ್ನು ನಾನು. ಭರಮಸಾಗರದ ಕಡೆ ಅದೇ ವಿಷಯಕ್ಕೆ ಅತಿಥಿ ಶಿಕ್ಷಕ. ಅತಿಥಿ ಎಂದರೆ ಉಪಚಾರ ಜೋರಿರಬೇಕು ಅಂದುಕೊಳ್ಳಬೇಡಿ, ಕೂರಲು ಕುರ್ಚಿ ಸಿಕ್ಕಿದರೆ ಅದೇ ಪುಣ್ಯ! ನನ್ನ ಅಸಲಿ ವಿದ್ಯೆ ಮಿಮಿಕ್ರಿ. ಹೆಡ್‌ಮೇಷ್ಟ್ರು, ಇನ್‌ಸ್ಪೆಕ್ಟರು, ಯಾರ ದನಿ ಬೇಕು ಹೇಳಿ. ಕ್ಲಾಸಿನಲ್ಲೂ ಮಾವನ ದನಿಯಲ್ಲೇ ಪಾಠ ಮಾಡಿ ಚಪ್ಪಾಳೆ ಗಿಟ್ಟಿಸುತ್ತೇನೆ. ಫೋನಿನಲ್ಲಿ ನಮ್ಮವ್ವ, "ಇವತ್ತು ಯಾರಾಗಿ ಮಾತಾಡ್ತಿದೀಯಪ್ಪ?" ಎಂದೇ ಶುರುಮಾಡುತ್ತಾಳೆ.

ಮಾವನಿಗೆ ಈ ವರ್ಷ ನಿವೃತ್ತಿ. ಹೋಗುವ ಮುಂಚೆ ಚೀಲದ ವಿದ್ಯೆಯನ್ನೆಲ್ಲ ಯಾರಿಗಾದರೂ ದಾಟಿಸಬೇಕೆಂದು ಒಂದು ಶನಿವಾರ ಮಧ್ಯಾಹ್ನ ತನ್ನ ಶಾಲೆಗೆ ಎಲ್ಲರನ್ನೂ ಕರೆದ. ಕುರ್ಚಿ ಸಾಲಾಗಿ ಹಾಕಿಸಿದ. ಮಂಡಕ್ಕಿ, ಮೆಣಸಿನಕಾಯಿ ಬೋಂಡ ತರಿಸಿದ. ಗುಂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿದ್ದರು.

ಬಂದವನು ನಾನೊಬ್ಬನೇ. ಅದೂ ಬೋಂಡಕ್ಕೆ.

ಒಬ್ಬರಿಗೆ ನಾಮಕರಣ, ಇನ್ನೊಬ್ಬರಿಗೆ ಕಾಯಿ ಕೀಳಿಸುವುದಿತ್ತು. ಮಾವ ಪ್ರತಿ ಫೋನಿಗೂ "ಆಗ್ಲಿ ಬಿಡ್ರಿ, ಪರವಾಗಿಲ್ಲ" ಎಂದ. ಮಂಡಕ್ಕಿ ಮೆತ್ತಗಾಗುತ್ತಿತ್ತು. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಯಾವುದೋ ರೈಲು ಕೂಗಿತು. ರೈಲು ದೂರ ಹೋದಂತೆ ಕೂಗಿನ ದನಿ ಯಾಕೆ ಇಳಿಯುತ್ತದೆ ಎಂದು ಅವನು ಪಾಠ ಶುರುಮಾಡಲಿಲ್ಲ. ನನಗೆ ಭಯವಾಗಿದ್ದೇ ಆಗ.

"ಲೇ, ಅವರೆಲ್ಲರ ದನಿ ಮಾಡ್ತೀಯಲ್ಲ, ಮಾಡು ನೋಡಾಣ" ಎಂದ, ಪೈಪು ಹೊರತೆಗೆಯುತ್ತ.

ನಾನು ಮೊದಲ ಕುರ್ಚಿಗೆ ಹೋಗಿ ಹಿರಿಯೂರಿನವರಾದೆ: "ಸಾರ್, ಇದು ಎಷ್ಟು ಮಾರ್ಕ್ಸಿಗೆ ಬರ್ತೈತೆ?"

"ಮಾರ್ಕ್ಸು ಬಿಡ್ರಿ ಸಾರ್, ಮೊದ್ಲು ಮಕ್ಕಳ ಕಣ್ಣು ನೋಡ್ರಿ" ಎಂದ ಮಾವ, ಆ ಕುರ್ಚಿಗೇ ತಿರುಗಿ.

ಎರಡನೇ ಕುರ್ಚಿಯಲ್ಲಿ ಹೊಸದುರ್ಗದ ಮೇಡಂ ಆದೆ: "ಪೈಪು ಭಾರಿ ರೇಟು ಅಲ್ವಾ ಸಾರ್?"

"ಗುಜರಿಲಿ ಸಿಗ್ತೈತೆ ಮೇಡಂ, ನಾನೇ ತಂದ್ಕೊಡ್ತೀನಿ."

ನಾನು ನಗಿಸಲೆಂದು ಮಾಡುತ್ತಿದ್ದೆ. ಅವನು ನಗಲಿಲ್ಲ. ಒಂದೊಂದು ಖಾಲಿ ಕುರ್ಚಿಗೂ ಬಗ್ಗಿ, ವಿನಯದಿಂದ, ಬಿಡಿಸಿ ಬಿಡಿಸಿ ಉತ್ತರ ಹೇಳಿದ. ಕುರ್ಚಿಯಿಂದ ಕುರ್ಚಿಗೆ ಜಿಗಿದು ಜಿಗಿದು ಕೊನೆಯದಕ್ಕೆ ಬಂದಾಗ ನನ್ನ ಹತ್ತಿರ ದನಿಗಳೇ ಮುಗಿದುಹೋಗಿದ್ದವು. ಮಾವ ಪೈಪು ಹಿಡಿದು ಕಾಯುತ್ತಿದ್ದ.

"ಮಾವ, ಅದ್ಯಾಕೆ ನಿಧಾನ ಇಳೀತೈತೆ?" ಎಂದುಬಿಟ್ಟೆ. "ನಿನ್ನ ದನಿಲಿ ಹೇಳಾಕೆ ಬರ್ತೈತೆ. ಹುಡುಗ್ರು ಚಪ್ಪಾಳೆನೂ ಹೊಡೀತಾವೆ. ಆದ್ರೆ ನಂಗೇ ಅರ್ಥ ಆಗಿಲ್ಲ. ನಮ್ಮ ಸ್ಕೂಲಾಗೆ ಕೇಳಾಣ ಅಂದ್ರೆ ಯಾರೂ ಇಲ್ಲ."

ಮಾವ ಪೈಪು ಕೆಳಗಿಳಿಸಿ ನನ್ನತ್ತ ತಿರುಗಿದ.

"ಇದು ಯಾವೂರಿನ ಮೇಷ್ಟ್ರಲೇ? ಈ ದನಿ ಕೇಳೇ ಇಲ್ವಲ್ಲ."

"ಭರಮಸಾಗರದೋರು, ಮಾವ."

ಹುಟ್ಟಿದಾಗಿನಿಂದ ನನ್ನನ್ನು "ಲೇ" ಎಂದೇ ಕರೆದವನು ಮುಂದಿನ ಸಾಲಿನ ಕುರ್ಚಿಯೊಂದನ್ನು ಪಂಚೆಯ ತುದಿಯಿಂದ ಒರೆಸಿ ತನ್ನ ಪಕ್ಕಕ್ಕೆ ಎಳೆದುಕೊಂಡ.

"ಮುಂದೆ ಬರ್ರಿ ಮೇಷ್ಟ್ರೆ" ಎಂದ. "ಕುಂತ್ಕಳ್ರಿ. ಇನ್ನೊಂದ್ಸಲ ಬಿಡಾಣ."