ಗಂಗಾವತಿಯವರಿಗೆ ಬಡಿಸಿದ ಹೋಳಿಗೆ

ನಾಚಿಕೆಯವರಿಗೆ ಸುದ್ದಿಯ ಹಸಿವು ಹೆಚ್ಚು. ಬಾಯಿಬಿಟ್ಟು ಯಾರನ್ನೂ ಕೇಳಲಾಗುವುದಿಲ್ಲವಲ್ಲ, ಅದಕ್ಕೆ. ಮಕ್ಕಳೇ, ನಿಮಗೆ ಕಾಲೇಜಿನ ಸುದ್ದಿಯೆಲ್ಲ ಮೊಬೈಲಿಗೆ ಬರುತ್ತದೆ. ನಾನು ಬೇವೂರಿನ ಶಾಲೆಯಲ್ಲಿ ನಾಲ್ಕನೇ ತರಗತಿ ಮುಗಿಸಿ, ಮುಂದೆ ಮದುವೆಯಾಗಿ ಕೊಪ್ಪಳಕ್ಕೆ ಬಂದಾಗ ಅದು ಕಾಲೇಜಿನ ಗೇಟಿನ ಬಳಿ, ಬೇವಿನ ಮರಕ್ಕೆ ಒರಗಿಸಿದ ಕರಿಹಲಗೆಯ ಮೇಲೆ ಬರುತ್ತಿತ್ತು. ನಮ್ಮ ಮನೆ ಅದರ ಎದುರಿಗೇ. ನೀರು ತರುವಾಗ ಕೊಡ ಇಳಿಸಿ, ಸೊಂಟ ನೋಯುತ್ತಿದೆ ಎಂಬಂತೆ ನಿಂತು, ಸೆರಗಿನ ಸಂದಿಯಿಂದ ಓದುತ್ತಿದ್ದೆ. ಯಾರ ಸೈಕಲ್ಲು ಕಳೆದಿದೆ, ಯಾವ ಮೇಷ್ಟ್ರು ಇವತ್ತು ಬರುವುದಿಲ್ಲ, ಎಲ್ಲ ನನಗೆ ಗೊತ್ತು. ಹಂಡೆ ತುಂಬಿದ್ದರೂ ಮತ್ತೆ ನೀರಿಗೆ ಹೋಗುವ ಸೊಸೆ ಎಂದು ಅತ್ತೆ ಓಣಿಯಲ್ಲೆಲ್ಲ ಹೊಗಳುತ್ತಿದ್ದರು.

ಒಂದು ದಿನ ಆ ಹಲಗೆಯ ಮೇಲೆ ನಿಮ್ಮಜ್ಜನ ಮೀಸೆ ಬಂತು. ಅವರು ಆಗ ಬಿ.ಎ. ಕೊನೆಯ ವರ್ಷದಲ್ಲಿದ್ದರು, ಕಬಡ್ಡಿ ತಂಡದ ಕ್ಯಾಪ್ಟನ್. ಶನಿವಾರ ಗಂಗಾವತಿಯವರಿಗೆ ಸೋತರೆ ನಮ್ಮ ಕ್ಯಾಪ್ಟನ್ ಮೀಸೆ ಬೋಳಿಸಿಕೊಳ್ಳುತ್ತಾರೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಸೊಂಟದ ನೆಪ ಮರೆತು ಎರಡು ಸಲ ಓದಿದೆ. ಮದುವೆಯಾಗಿ ಕೆಲವು ತಿಂಗಳಾಗಿದ್ದರೂ ನಾನು ಅವರ ಮುಖವನ್ನು ಮೀಸೆಯವರೆಗೆ ಮಾತ್ರ ನೋಡಿದ್ದೆ. ಅದಕ್ಕಿಂತ ಮೇಲೆ ಕಣ್ಣೆತ್ತುವ ಧೈರ್ಯವಿರಲಿಲ್ಲ. ಅದೂ ಹೋದರೆ ಗಂಡನ ಗುರುತು ಹಿಡಿಯುವುದು ಹೇಗೆ?

ಪರವೂರಿನ ತಂಡ ಆಡಲು ಬಂದರೆ ಕ್ಯಾಪ್ಟನ್ ಮನೆಯಲ್ಲೇ ಊಟ, ಅದು ಆಗಿನ ರೂಢಿ. ನಾವು ಜೋಳದ ರೊಟ್ಟಿಯವರು, ಗಂಗಾವತಿಯವರು ಕಾಲುವೆ ನೀರಿನ ಅನ್ನದವರು. ಮೈದಾನದಲ್ಲಿ ಒಬ್ಬರನ್ನೊಬ್ಬರು ಹಂಗಿಸುತ್ತಿದ್ದುದೂ ಅದನ್ನೇ ಹಿಡಿದು. ಶುಕ್ರವಾರ ನಿಮ್ಮಜ್ಜ ಅಡುಗೆಮನೆ ಬಾಗಿಲಿಗೆ ಬಂದು, ಅತ್ತೆಗೆ ಕೇಳದಂತೆ ಒಂದು ಉಪಾಯ ಹೇಳಿದರು.

"ನಾಳೆ ಹೋಳಿಗಿ ಮಾಡು. ಅವರು ಒಲ್ಲೆ ಅಂದ್ರೂ ಬಿಡಬ್ಯಾಡ, ಹಾಕ್ಕೋಂತ ಹೋಗು. ಎದ್ದು ಓಡಾಕ ಆಗಬಾರದು."

ಒತ್ತಾಯ ಮಾಡಲು ಬಾಯಿ ಬೇಕು, ನನಗೆ ಅದಿರಲಿಲ್ಲ. ಆದರೆ ನಾಚಿಕೆಯೇ ಕೆಲಸಕ್ಕೆ ಬಂತು. ತಲೆ ಎತ್ತದ ನನಗೆ ಸಾಕು ಎನ್ನುವ ಮುಖಗಳು ಕಾಣುವುದೇ ಇಲ್ಲ. ತಟ್ಟೆಗೆ ಅಡ್ಡ ಹಿಡಿದ ಕೈಯ ಮೇಲೆಯೇ ಹೋಳಿಗೆ ಇಟ್ಟು ಮುಂದೆ ಹೋದೆ. ಆಗ ಗಂಗಾವತಿ ಕ್ಯಾಪ್ಟನ್ ಬಾಯಿ ತೆರೆದ.

"ಅಣ್ಣಾರ, ನಮಗೊಂದು ಬಿದ್ರ ನಿಮಗೂ ಒಂದು ಬೀಳಬೇಕ್ರಿ. ಮನಿ ಯಜಮಾನ್ರು ಸುಮ್ನ ಕುಂತ್ರ ನಮಗ ಹೆಂಗ ಇಳೀತೈತಿ?"

ಉಪಾಯದ ಸುಳಿವಿಲ್ಲದ ಅತ್ತೆ, ಹುಡುಗನ ಮಾತು ಖರೆ ಎಂದು ಮಗನ ತಟ್ಟೆಗೆ ತುಪ್ಪ ಸುರಿದರು. ಪಂಕ್ತಿಯಲ್ಲಿ ಯಾರಿಗೆ ಒಂದು ಬಿದ್ದರೂ ನಿಮ್ಮಜ್ಜನಿಗೂ ಒಂದು. ಅತಿಥಿಗಳೆಲ್ಲ ಸೇರಿ ಉಂಡಷ್ಟನ್ನು ಅವರೊಬ್ಬರೇ ಉಂಡರು.

ಆಟವನ್ನು ಕಿಟಕಿಯಿಂದ ನೋಡಿದೆ. ಗಂಗಾವತಿಯವರು ತೇಗುತ್ತ ತೇಗುತ್ತಲೇ ಆಡಿದರು. ನಿಮ್ಮಜ್ಜ ಕಬಡ್ಡಿ ಕಬಡ್ಡಿ ಎನ್ನುತ್ತ ಗೆರೆ ದಾಟಿದವರು ಅಲ್ಲೇ ಕೂತುಬಿಟ್ಟರು. ಯಾರೂ ಹಿಡಿಯುವ ಅಗತ್ಯವೇ ಬೀಳಲಿಲ್ಲ.

ಸಂಜೆ ಬಾಗಿಲಲ್ಲಿ ಯಾರೋ ಬೋಳು ಮೋರೆಯವರು ನಿಂತಿದ್ದರು. ಯಾರೆಂದು ತಿಳಿಯಲು ತಲೆ ಎತ್ತಲೇಬೇಕಾಯಿತು. ಎತ್ತಿದೆ; ತಡೆಯಲಾಗದೆ ನಕ್ಕುಬಿಟ್ಟೆ.

"ನಗು, ನಗು. ಅಂತೂ ಇವತ್ತರ ನನ್ನ ಮಾರಿ ನೋಡಿದೆಲ್ಲ," ಎಂದರು.

ಸೋಮವಾರದ ಹಲಗೆಯಲ್ಲಿ ಎರಡೇ ಸಾಲು. ಗಂಗಾವತಿಗೆ ಜಯ. ಊಟ ಚೆನ್ನಾಗಿತ್ತು.

ಈಗ ನಮ್ಮ ಮಲ್ಲು ಓದುವುದು ಗಂಗಾವತಿಯಲ್ಲಿ, ಆಡುವುದೂ ಅಲ್ಲಿಯ ತಂಡಕ್ಕೆ. ನಾಳೆ ಕೊಪ್ಪಳದವರ ಮೇಲೆ ಇಲ್ಲೇ ಆಟವಂತೆ. ಹುಡುಗರನ್ನೆಲ್ಲ ಊಟಕ್ಕೆ ಕರೆತರುತ್ತೇನೆ, ಹಗುರವಾಗಿ ಏನಾದರೂ ಮಾಡು ಎಂದು ಫೋನಿನಲ್ಲಿ ಹೇಳಿದ. ಆಯಿತಪ್ಪ ಎಂದೆ. ಮೊಮ್ಮಗ ಸೋಲಲಿ ಎಂದು ಯಾವ ಅಜ್ಜಿ ಬಯಸುತ್ತಾಳೆ? ಆದರೆ ಗೋಡೆಯ ಫೋಟೋದಲ್ಲಿ ಮೀಸೆ ಮತ್ತೆ ಬೆಳೆದಿದೆ, ಬೆಳಗಿನಿಂದ ನನ್ನನ್ನೇ ನೋಡುತ್ತಿದೆ. ಈ ಸಲ ಪಂಕ್ತಿಯಲ್ಲಿ ಜೊತೆಗೆ ಕೂತು ಉಣ್ಣಲು ನಮ್ಮ ಕಡೆಯವರು ಯಾರೂ ಇಲ್ಲ. ಕಡಲೆಬೇಳೆ ತೊಳೆದಿಟ್ಟಿದ್ದೇನೆ. ಈ ಕಾಗದವನ್ನು ಮಲ್ಲುವಿನ ಕೈಗೆ ಆಟ ಮುಗಿದ ಮೇಲೆ ಕೊಡಿರಿ.