ಅನ್ನ ಬಿಟ್ಟವನ ಒಪ್ಪತ್ತು

ಸಕ್ಕರೆ ಕಾಯಿಲೆಯವನಿಗೆ ಸಿಹಿ ತಪ್ಪಬಹುದು, ನಗೆಪಾಟಲು ಮಾತ್ರ ತಪ್ಪುವುದಿಲ್ಲ. ಪೀಣ್ಯದ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ನನಗೆ ಒದಗಿದ ಪ್ರಸಂಗಗಳೆಲ್ಲ ಹೆಚ್ಚುಕಡಿಮೆ ನಮ್ಮ ಡಾಕ್ಟರಮ್ಮನ ಕೃಪೆ. ನಗು ಬರುವುದು ಈಗ. ಆಗ ನಗುವ ಸ್ಥಿತಿಯಲ್ಲಿರಲಿಲ್ಲ.

ಒಂದೇ ಮುದ್ದೆ

"ಸಾರ್, ಮೂರು ತಿಂಗಳು ನೋಡ್ತೀನಿ. ಸಕ್ಕರೆ ಇಳೀಲಿಲ್ಲ ಅಂದ್ರೆ ಇನ್ಸುಲಿನ್ ಶುರು," ಅಂದರು ಡಾಕ್ಟರಮ್ಮ.

ಲೇತ್ ಮಷೀನುಗಳ ಅಬ್ಬರಕ್ಕೆ ಅಳುಕದವನು ನಾನು. ಸೂಜಿ ಅಂದರೆ ಮಾತ್ರ ಕಾಲು ತಾನಾಗಿ ಬಾಗಿಲ ಕಡೆ ತಿರುಗುತ್ತದೆ.

"ಅನ್ನ, ಮುದ್ದೆ ಎರಡೂ ಕಡಿಮೆ ಮಾಡಿ."

"ಮುದ್ದೆ ಒಳ್ಳೇದಲ್ವಾ ಮೇಡಂ? ನಾನು ತಿನ್ನೋದೇ ಒಂದು."

"ಎಷ್ಟು ದಪ್ಪದ್ದು?"

ಎರಡು ಕೈ ಸೇರಿಸಿ ತೋರಿಸಿದೆ.

"ಅದನ್ನ ತಿನ್ನಲ್ಲ ಸಾರ್, ಮೈದಾನದಲ್ಲಿ ಎಸೀತಾರೆ."

ಮನೆಯ ವೈದ್ಯ

ರಾತ್ರಿ ಅನ್ನ ಪೂರ್ತಿ ಬಂದ್ ಎಂದು ಅಪ್ಪಣೆಯಾಯಿತು. ಹೆಂಡತಿಗೆ ಹೇಳಿದರೆ ನಕ್ಕುಬಿಟ್ಟಳು.

"ಒಪ್ಪತ್ತು ಮಾಡಿ ಅನ್ನೋಕೆ ಅಷ್ಟೊಂದು ಓದ್ಬೇಕಿತ್ತಾ? ನಿಮ್ಮಮ್ಮ ಪ್ರತಿ ಸೋಮವಾರ ಮಾಡ್ತಿರ್ಲಿಲ್ವೇನ್ರೀ?"

ಒಂದು ಹೊತ್ತು ಊಟ, ಇನ್ನೊಂದು ಹೊತ್ತು ಫಲಾಹಾರ. ನಿಷ್ಠೆಯಿಂದ ಶುರುವಾಯಿತು. ಕೆಲವೇ ವಾರದಲ್ಲಿ ಪ್ಯಾಂಟು ಸೊಂಟದ ಹತ್ತಿರ ಬಿಗಿಯಾಗಿ ನನಗೆ ದಿಗಿಲಾಯಿತು.

"ಒಗೆದೂ ಒಗೆದೂ ಬಟ್ಟೆ ಕುಗ್ಗಿದೆ ರೀ," ಅಂದಳು.

ಲ್ಯಾಬಿನಲ್ಲಿ

ರಕ್ತ ಕೊಡುವ ಹಿಂದಿನ ದಿನ, ಯಾವುದಕ್ಕೂ ಇರಲಿ ಎಂದು, ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಲ್ಯಾಬಿನ ಹೆಂಗಸು ಧಾರವಾಡದ ಕಡೆಯವರು.

"ನಿನ್ನೆ ಏನೂ ತಿಂದಿಲ್ಲಮ್ಮ," ಅಂದೆ, ಕಣ್ಣು ಮುಚ್ಚಿಕೊಂಡು.

"ಈ ರಕ್ತ ಮೂರು ತಿಂಗಳ ಲೆಕ್ಕಾ ಹೇಳ್ತೈತ್ರಿ ಯಜಮಾನ್ರ. ಹಿಂದಿನ ರಾತ್ರಿ ಓದಿ ಪಾಸಾಗೂ ಪರೀಕ್ಷಾ ಅಲ್ಲ!"

ತೀರ್ಪು

ರಿಪೋರ್ಟ್ ನೋಡಿ ಡಾಕ್ಟರಮ್ಮನ ಹುಬ್ಬು ಗಂಟಾಯಿತು. ಸಕ್ಕರೆ ಇಳಿಯುವುದಿರಲಿ, ಏರಿತ್ತು. ಇನ್ಸುಲಿನ್ ಬರೆಯಲು ಪೆನ್ನು ತೆಗೆದರು. ನನ್ನ ಕಾಲು ಬಾಗಿಲ ಕಡೆ ತಿರುಗಿತು.

"ಅನ್ನ ಬಿಡ್ಲಿಲ್ವಾ ಸಾರ್?"

ಪಕ್ಕದಲ್ಲಿ ಕೂತಿದ್ದ ಹೆಂಡತಿಗೆ ರೇಗಿತು. "ರಾತ್ರಿ ಒಂದು ಅಗುಳೂ ಮುಟ್ಟಿಲ್ಲ ಮೇಡಂ! ದಿನಾ ಒಪ್ಪತ್ತು!"

"ಅಯ್ಯೋ, ಮಾತ್ರೆ ತಗೊಂಡು ಹಸ್ಕೊಂಡಿರ್ತಾರಾ? ತಲೆ ಸುತ್ತಿ ಬಿದ್ರೆ?"

"ಹಸಿವಿಗೆ ಯಾಕೆ ಬಿಡ್ತೀನಿ? ಉಪ್ಪಿಟ್ಟು ಇರುತ್ತೆ, ಅವಲಕ್ಕಿ ಇರುತ್ತೆ. ಬಾಯಿ ಕೆಟ್ಟಿದೆ ಅಂದ್ರೆ ಸಬ್ಬಕ್ಕಿ ಪಾಯಸ. ಅದಕ್ಕೂ ಸಕ್ಕರೆ ಹಾಕಲ್ಲ ಮೇಡಂ, ಬರೀ ಬೆಲ್ಲ."

ಪೆನ್ನು ಅಲ್ಲೇ ನಿಂತಿತು. ಡಾಕ್ಟರಮ್ಮ ನನ್ನನ್ನು ನೋಡಿದರು, ಅವಳನ್ನು ನೋಡಿದರು, ಕೊನೆಗೆ ಪೆನ್ನಿಗೆ ಕ್ಯಾಪು ಹಾಕಿದರು.

"ಸೂಜಿ ಸದ್ಯಕ್ಕೆ ಬೇಡ. ಮೊದಲು ಈ ಉಪವಾಸ ನಿಲ್ಲಿಸಿ! ರಾತ್ರಿ ಹೊತ್ತು ಬೀನ್ಸ್ ಪಲ್ಯ, ಸೊಪ್ಪಿನ ಪಲ್ಯ, ಕೋಸಂಬರಿ ಹೊಟ್ಟೆ ತುಂಬ ಕೊಡಿ."

ಹೋದ ಜೀವ ಬಂದಂತಾಗಿ ನಾನು ಎದ್ದು ನಿಂತೆ. ಹೆಂಡತಿ ಮಾತ್ರ ಏಳಲಿಲ್ಲ.

"ನಂಚಿಕೊಳ್ಳೋಕೆ ಅಷ್ಟು ಸಾಕು ಮೇಡಂ. ಊಟಕ್ಕೆ ಏನು ಮಾಡ್ಲಿ?"