ಎರಡು ಸಲವೂ ಬಲಗಡೆ ಹೂ

ನಾನು ಯಾರನ್ನಾದರೂ ಸಲಹೆ ಕೇಳಲು ಹೋದರೆ ಉತ್ತರವನ್ನು ಮನೆಯಿಂದಲೇ ತೆಗೆದುಕೊಂಡು ಹೋಗಿರುತ್ತೇನೆ. ಅವರ ಬಾಯಲ್ಲೂ ಅದೇ ಬಂದರೆ ಒಳ್ಳೆಯ ಮನುಷ್ಯರು ಎನ್ನುತ್ತೇನೆ. ಬೇರೆ ಬಂದರೆ ಇವರಿಗೇನು ಗೊತ್ತು ಎಂದು ಮುಂದಿನ ಮನೆಗೆ ಹೋಗುತ್ತೇನೆ. ಎಲ್ಲರೂ ಮಾಡುವುದು ಹೀಗೆಯೇ, ಒಪ್ಪಿಕೊಳ್ಳುವುದಿಲ್ಲ ಅಷ್ಟೆ. ಗೌರಿಬಿದನೂರಿನ ಸೀರೆ ಅಂಗಡಿಯಲ್ಲಿ ಕೂತು ನೋಡಿ. ಇಡೀ ಅಂಗಡಿಯನ್ನು ನೆಲಕ್ಕಿಳಿಸಿ, ಕೊನೆಗೆ ಮೊದಲು ಮುಟ್ಟಿದ ಸೀರೆಯನ್ನೇ ಎತ್ತಿಕೊಂಡು ಬರುತ್ತೇವೆ. ನನ್ನ ಮದುವೆಗೆ ಮಾತ್ರ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಅದೊಂದು ನೆಟ್ಟಗೆ ನಡೆಯಿತು.

ಹೋದ ಸಲದ ಅವರೆಕಾಯಿ ಕಾಲದಲ್ಲಿ ನನ್ನ ಕಣ್ಣಿಗೆ ಪೊರೆ ಬಂದಿರುವುದು ಮನೆಗೆಲ್ಲ ಗೊತ್ತಾಯಿತು. ಕಾಳು ಹಿತುಕಿದವಳು ನಾನು, ಸಾರಿನಲ್ಲಿ ಹುಳ ಸಿಕ್ಕಿದ್ದು ಸೊಸೆಗೆ. ಅವಳು ಏನೂ ಅನ್ನದೆ ಅದನ್ನು ತಟ್ಟೆಯ ಅಂಚಿಗಿಟ್ಟಳು. ಏನಾದರೂ ಅಂದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಮಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಎರಡು ಕಣ್ಣಿಗೂ ಪೊರೆಯಿದೆ, ಬಲಗಣ್ಣಿಗೆ ಈಗಲೇ ಆಪರೇಷನ್ ಆಗಬೇಕು, ಬಿಟ್ಟರೆ ಇರುವ ಬೆಳಕೂ ಹೋಗುತ್ತದೆ ಎಂದರು ಅವರು. ಕಣ್ಣಿಗೆ ಕತ್ತಿ ಹಾಕಿಸಿಕೊಳ್ಳುವುದಿಲ್ಲ ಎಂದು ನಾನು ಬಸ್ಸಿನಲ್ಲೇ ತೀರ್ಮಾನಿಸಿದೆ. ಆದರೆ ಹೆದರಿಕೆ ಎಂದು ಹೇಳಿಕೊಳ್ಳುವುದು ಹೇಗೆ? ಅದಕ್ಕೆ ಮಂಗಳವಾರ ಗಂಗಮ್ಮನ ಗುಡಿಗೆ ಹೂ ಕೇಳಲು ಹೋದೆ.

ನಮ್ಮಲ್ಲಿ ಪೂಜಾರಿ ಅಮ್ಮನ ಮೈಮೇಲೆ ಒದ್ದೆ ಕಾಕಡ ಹೂ ಅಂಟಿಸುತ್ತಾನೆ. ಬಲಗಡೆಯದು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ಆಪರೇಷನ್ ಮಾಡಿಸಲೇನಮ್ಮ ಎಂದು ಕೇಳಿ ಮುಗಿಸಿರಲಿಲ್ಲ, ಬಲಗಡೆಯದು ಬಿತ್ತು. ನೊಣ ಕೂತು ಬಿತ್ತು ಎಂದೆ. ನೊಣ ಕಾಣುವ ಕಣ್ಣಾದರೆ ಇಲ್ಲಿಗೇಕೆ ಬಂದೆ ಎಂದು ಪೂಜಾರಿ ಕೇಳಲಿಲ್ಲ, ಪಾಪದವನು. ಇನ್ನೊಂದು ಹೂ ಇಡಿಸಿ, ಮಾಡಿಸದೆ ಇರಲೇನಮ್ಮ ಎಂದು ತಿರುಗಿಸಿ ಕೇಳಿದೆ. ಮತ್ತೆ ಬಲಗಡೆಯೇ ಬಿತ್ತು.

“ಗಂಗಮ್ಮ ನಿನ್ ಕೈಲಿ ವಾದ ಮಾಡಕ್ಕಾಗ್ದೆ ಎಲ್ಲಾದ್ಕೂ ಹೂಂ ಅಂದವ್ಳೆ. ಮನೆಗೆ ಹೋಗು” ಎಂದ ಪೂಜಾರಿ.

ನಾನು ಮೊದಲನೆಯ ಹೂವನ್ನು ಗುಡಿಯಲ್ಲೇ ಬಿಟ್ಟು, ಎರಡನೆಯದನ್ನು ಮಾತ್ರ ಮನೆಗೆ ತಂದೆ. ಅಮ್ಮ ಬೇಡ ಅಂದಳು ಎಂದು ಸಾರಿದೆ. ಮಗ ತಲೆ ಚಚ್ಚಿಕೊಂಡ. ಪಕ್ಕದ ಮನೆಯಲ್ಲಿರುವ ನನ್ನ ವಾರಗಿತ್ತಿ ನಂಜಮ್ಮ ಮಾತ್ರ ಅವರೆಕಾಯಿ ಬಿಡಿಸುತ್ತಾ ನನ್ನ ಪರವಾಗಿ ಮಾತಾಡಿದಳು.

“ಅಕ್ಕನ್ನ ಬಲವಂತ ಮಾಡ್ಬೇಡ್ರಪ್ಪ. ಸೂಜಿ ಕಂಡ್ರೆ ಕಣ್ಣು ಮುಚ್ಕೊಳ್ಳೋಳು, ಇವೆಲ್ಲ ಅವಳ ಕೈಲಾಗಲ್ಲ. ಕುರುಡಾದ್ರೆ ಏನೀಗ, ನಾನಿಲ್ವಾ? ಕೈ ಹಿಡ್ಕೊಂಡು ಬಚ್ಚಲಿಗೆ ಕರ್ಕೊಂಡು ಹೋಗ್ತೀನಿ.”

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಕಿಟಕಿ ಪಕ್ಕ ನಾನು ಕೂತಿದ್ದೆ. ಮಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹಿಂದೆ ಓಡಿಬಂದ.

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಎದುರಿಗೆ ನಂಜಮ್ಮ ನಿಂತಿದ್ದಳು. ಎಷ್ಟು ಮುದುಕಿಯಾಗಿದ್ದೀಯೇ ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

“ಮಾಡಿಸ್ಕೊ ಅಂದಿದ್ರೆ ನೀನು ಬರ್ತಿದ್ಯೇನಕ್ಕ?”

ಅಂದಿನಿಂದ ನನ್ನ ನೆಮ್ಮದಿ ಹೋಗಿದೆ. ಮಗಳನ್ನು ಹೈಸ್ಕೂಲಿಗೆ ಕಳಿಸಿದ್ದು, ಕೆಂದ ಹಸುವನ್ನು ಮಾರದೆ ಉಳಿಸಿಕೊಂಡದ್ದು ನನ್ನದೇ ಹಟ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಈಗ ನೆನಪು ಮಾಡಿಕೊಂಡರೆ, ಎರಡಕ್ಕೂ ಮೊದಲು ಇವಳು ಬಂದು “ಬೇಡ ಬಿಡಕ್ಕ” ಅಂದಿದ್ದಳು.

ಈಗ ಎಡಗಣ್ಣಿನ ಸರದಿ. ಡಾಕ್ಟರು ಬರಹೇಳಿ ತಿಂಗಳಾಯಿತು. ಮತ್ತೆ ಅದೇ ಹೆದರಿಕೆ. ನಿನ್ನೆ ನಂಜಮ್ಮನನ್ನು ಕಾಫಿಗೆ ಕರೆದು, ಕಣ್ಣಿನ ಮಾತನ್ನು ನಾಲ್ಕು ಸಲ ಎತ್ತಿದೆ. ಅವಳು ಕಾಫಿ ಕುಡಿದಳು, ಸಕ್ಕರೆ ಕಡಿಮೆ ಅಂದಳು, ಎದ್ದು ಹೋದಳು. ನಾನಾಗಿಯೇ ಅವಳ ಬಾಗಿಲಿಗೆ ಹೋಗಿ, ನಿನ್ನ ಕೈಲಾಗಲ್ಲ ಬಿಡಕ್ಕ ಅಂತ ಒಂದು ಸಲ ಅನ್ನೇ ತಾಯಿ ಎಂದು ಬೇಡಿಕೊಳ್ಳಲೇ?